ಅದು ಅದೃಷ್ಟ ಅಲ್ಲ, ತಾಯಿಯ ಹಟ

ನಿಮ್ಮ ಲೇಖನದಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಕೆನಡಿ ಟೂಲ್ ಬಗ್ಗೆ ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ ‘ಸತ್ತ ಮೇಲೆ ಅದೃಷ್ಟ ಖುಲಾಯಿಸಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಬೇಸರ ಆಯಿತು. ಅವರ ತಾಯಿ ತೆಲ್ಮಾ ಹೆಸರೇ ಲೇಖನದಲ್ಲಿ ಇಲ್ಲ!

1969ರಲ್ಲಿ ಟೂಲ್ ತೀರಿಕೊಂಡಾಗ ಅವರಿಗೆ ಬರೀ 31 ವರ್ಷ. ಅವರ ಕಾದಂಬರಿ ‘ಎ ಕಾನ್ಫೆಡರಸಿ ಆಫ್ ಡನ್ಸಸ್’ ಅಚ್ಚಾಗದೆ ಮನೆಯಲ್ಲೇ ಉಳಿದಿತ್ತು. ತೆಲ್ಮಾ ಒಬ್ಬರಾದ ಮೇಲೆ ಒಬ್ಬರು ಪ್ರಕಾಶಕರಿಗೆ ಕಳಿಸಿದರು. ಎಲ್ಲರೂ ಬೇಡ ಅಂದರು. 1976ರಲ್ಲಿ ತೆಲ್ಮಾ, ನ್ಯೂ ಆರ್ಲಿಯನ್ಸ್‌ನ ಲೊಯೊಲಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕಾದಂಬರಿಕಾರ ವಾಕರ್ ಪರ್ಸಿ ಅವರ ಬೆನ್ನು ಬಿದ್ದರು. ಪರ್ಸಿ ಕೈಗೆ ಬಂದದ್ದು ಮಸಿ ಹರಡಿ ಓದೋಕೇ ಕಷ್ಟವಾದ ಕಾರ್ಬನ್ ಪ್ರತಿ. ನಾಲ್ಕು ಪುಟ ನೋಡಿ ಪಕ್ಕಕ್ಕಿಡಬಹುದು ಅಂದುಕೊಂಡವರು ಓದುತ್ತಲೇ ಹೋದರು. 1980ರಲ್ಲಿ ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ ಪ್ರೆಸ್ ಅಚ್ಚು ಹಾಕಿತು. ಮರುವರ್ಷವೇ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್.

ಇನ್ನೊಂದು ಮಾತು. ಟೂಲ್ ಈ ಕಾದಂಬರಿ ಬರೆಯಲು ಕೂತದ್ದು ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ, ಸೈನ್ಯದಲ್ಲಿದ್ದಾಗ. ಹೊಸಬರಿಗೆ ಇಂಗ್ಲಿಷ್ ಕಲಿಸುವುದು ಅವರ ಕೆಲಸ. ಬರೆದದ್ದು ಗೆಳೆಯನಿಂದ ಕಡ ತಂದ ಟೈಪ್‌ರೈಟರಿನಲ್ಲಿ. ತಮ್ಮೂರು ನ್ಯೂ ಆರ್ಲಿಯನ್ಸ್‌ನಿಂದ ಅಷ್ಟು ದೂರ ಇದ್ದುಕೊಂಡು ಊರಿನವರ ಮಾತಿನ ಧಾಟಿಯನ್ನು ಹಾಗೆ ಹಿಡಿದಿದ್ದಾರಲ್ಲ, ಅದು ನನಗೆ ಇವತ್ತಿಗೂ ಆಶ್ಚರ್ಯ.

ಮೊದಲ ಪುಟ ನೆನಪಿದೆ ಅಲ್ವಾ? ಕಿವಿ ಮುಚ್ಚುವ ಹಸಿರು ಟೋಪಿ ಹಾಕಿಕೊಂಡ ದಡೂತಿ ಕಥಾನಾಯಕ ಇಗ್ನೇಷಿಯಸ್, ಅಂಗಡಿಯ ಗಡಿಯಾರದ ಕೆಳಗೆ ಅಮ್ಮನಿಗಾಗಿ ಕಾಯುತ್ತಾನೆ. ನ್ಯೂ ಆರ್ಲಿಯನ್ಸ್‌ನ ಕೆನಾಲ್ ಸ್ಟ್ರೀಟಿನಲ್ಲಿ ಈಗ ಅವನ ಪ್ರತಿಮೆ ಇದೆ, ಹಾಗೇ ಕಾಯುತ್ತಾ ನಿಂತಿದೆ.