ಶಿಬಿರ ಸರಿ, ಹೊತ್ತು ಬದಲಿಸಿ

ಕರಾವಳಿಯಲ್ಲಿ ಉಚಿತ ಆರೋಗ್ಯ ಶಿಬಿರ ಹೆಚ್ಚಬೇಕು ಎಂಬ ಲೇಖನದ ಮಾತಿಗೆ ನನ್ನ ತಕರಾರಿಲ್ಲ. ಆದರೆ ಶಿಬಿರ ಇಡುವ ಹೊತ್ತು ನೋಡಿ, ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ. ಕಾರವಾರ, ಅಂಕೋಲಾ ಪೇಟೆಗಳಲ್ಲಿ ಮೀನು ಮಾರುವ ಹೆಂಗಸರು ಆಗ ಬುಟ್ಟಿ ಬಿಟ್ಟು ಏಳುವುದುಂಟೇ? ಬಿಪಿ, ಶುಗರ್ ಮೊದಲು ನೋಡಬೇಕಾದದ್ದೇ ಅವರದ್ದು. ಸಂಜೆ ಐದರ ಮೇಲೆ ಮೀನುಪೇಟೆ ಹತ್ತಿರವೇ ಇಟ್ಟು ನೋಡಿ, ಸಾಲು ನಿಲ್ಲುತ್ತದೆ.

ಇನ್ನೊಂದು, ಶಿಬಿರದಲ್ಲಿ ಕೊಡುವ ಮಾತ್ರೆ ನಾಲ್ಕು ದಿನಕ್ಕೆ ಮುಗಿಯುತ್ತದೆ. ಬಿಪಿ ಮುಗಿಯುವುದಿಲ್ಲವಲ್ಲ! ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೇ ಮಾತ್ರೆ ಪುಕ್ಕಟೆ ಸಿಗಬೇಕು, ಜನೌಷಧಿ ಅಂಗಡಿಯಲ್ಲಿ ಕಡಿಮೆ ದರಕ್ಕೆ ಸಿಗುತ್ತದೆ. ಇದನ್ನು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕಿತ್ತು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಚಿಕಿತ್ಸಾ ಯೋಜನೆಯ ವಿಷಯವೂ ಹಾಗೇ. 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್‌ನವರಿಗಾದರೆ ಪ್ಯಾಕೇಜ್ ದರದಲ್ಲಿ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ನೇರ ಮಣಿಪಾಲ, ಮಂಗಳೂರಿಗೆ ಬಸ್ಸು ಹತ್ತಿ, ಅಲ್ಲಿ ಕೌಂಟರಿನಲ್ಲಿ ನಿಂತು ಪೇಚಾಡುತ್ತಾರೆ. ಶಿಬಿರದ ಪೆಂಡಾಲಿನಲ್ಲಿ ಭಾಷಣಕ್ಕೆ ಒಂದು ತಾಸು ಇರುತ್ತದೆ (ಹಾರ, ಶಾಲು ಬೇರೆ), ಈ ಕಾಗದಪತ್ರ ಹೇಳಿಕೊಡಲು ಒಬ್ಬರನ್ನು ಕೂರಿಸಲು ಆಗುವುದಿಲ್ಲವೇ?

ಬೋಟುಗಳಲ್ಲಿ ದುಡಿಯುವ ಹೊರರಾಜ್ಯದ ಹುಡುಗರ ಕೈಯಲ್ಲಿ ಬಿಪಿಎಲ್ ಎಂದು ತೋರಿಸಲು ಇಲ್ಲಿನ ರೇಷನ್ ಕಾರ್ಡೂ ಇರುವುದಿಲ್ಲ. ಅವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಕಾಣಲಿಲ್ಲ. ಮುಂದಿನ ಸಲ ಅದನ್ನೂ ಬರೆಯಿರಿ.