ಕೋಡುಬಳೆ ಸಿಕ್ಕಿತು, ಈಳಿಗೆ ಸಿಗಲಿಲ್ಲ

ಹೋದ ಭಾನುವಾರ ಕೆ.ಆರ್. ಮಾರ್ಕೆಟ್ಟಿನಲ್ಲಿ ಅಮ್ಮನಿಗೆಂದು ಈಳಿಗೆಮಣೆ ಕೊಂಡೆ. ಕಬ್ಬಿಣದ ಅಲಗು, ತುದಿಗೆ ಕಾಯಿ ತುರಿಯುವ ಹಲ್ಲು. ಅಂಗಡಿಯವನು ಹಳೇ ಪೇಪರಿನಲ್ಲಿ ಸುತ್ತಿ ದಾರ ಬಿಗಿದು ಕೊಟ್ಟ. ಅದನ್ನು ಬ್ಯಾಗಿಗೆ ತುರುಕಿಕೊಂಡು ಸಿನಿಮಾ ನೋಡಲು ಸೀದಾ ಒಂದು ಮಾಲಿಗೆ ಹೋದೆ. ಬಾಗಿಲಲ್ಲಿ ಸಾಲು ನಿಂತ ಮೇಲೇ ಹೊಳೆದದ್ದು, ನನ್ನ ಬೆನ್ನ ಮೇಲೆ ಆಯುಧವಿದೆ ಅಂತ.

ಮೆಟಲ್ ಡಿಟೆಕ್ಟರ್ ಕುಂಯ್ ಎಂದಿತು. ಅದು ಬೆಲ್ಟಿಗೂ ಕೂಗುತ್ತೆ, ಬಳೆಗೂ ಕೂಗುತ್ತೆ. ಬೀದಿನಾಯಿ ಬೊಗಳಿದರೆ ಕೊಡುವಷ್ಟೇ ಬೆಲೆ ಅದಕ್ಕೂ. ಸೆಕ್ಯೂರಿಟಿಯವರು ಜಿಪ್ ಎಳೆದು, ಸಾರಿನ ಪಾತ್ರೆಗೆ ಸೌಟು ಹಾಕಿದ ಹಾಗೆ ಕೈಕೋಲನ್ನು ಒಳಗೊಂದು ಸುತ್ತು ತಿರುಗಿಸಿದರು. ಕೋಲು ಈಳಿಗೆಗೆ ತಗುಲಿ ಠಣ್ ಎಂದಿತು. ಅವರ ಮುಖ ಮಾತ್ರ ಅಲುಗಲಿಲ್ಲ. ಮರುಕ್ಷಣ ಕಣ್ಣು ಅರಳಿತು.

"ಕೋಡಬಳಿ ಅದಾವಲ್ರಿ ಸರ! ಹೊರಗಿನ ತಿನಿಸು ಒಳಗ ಬಿಡಂಗಿಲ್ರಿ."

ಕೋಡುಬಳೆ ಜಪ್ತಿಯಾಯಿತು. ಈಳಿಗೆ ನನ್ನ ಜೊತೆ ಎಸ್ಕಲೇಟರ್ ಹತ್ತಿತು.

ಅವರನ್ನು ಬೈಯಬೇಡಿ. ಅವರ ಕಣ್ಣು ಚುರುಕಾಗಿಯೇ ಇದೆ, ಇಲ್ಲದಿದ್ದರೆ ಟವೆಲಿನ ಕೆಳಗಿದ್ದ ಕೋಡುಬಳೆ ಕಾಣುತ್ತಿತ್ತೇ? ದಿನಾ ನೂರು ಬ್ಯಾಗಿನಲ್ಲಿ ಚಕ್ಕುಲಿ, ನಿಪ್ಪಟ್ಟು ಸಿಗುತ್ತವೆ. ಪಿಸ್ತೂಲು ಅವರ ಇಡೀ ಸರ್ವಿಸಿನಲ್ಲಿ ಬಂದಿಲ್ಲ. ಬಾರದ್ದನ್ನು ಕಣ್ಣು ಎಷ್ಟು ದಿನ ಕಾದೀತು?

ಇದನ್ನು ನಾರ್ಮನ್ ಮ್ಯಾಕ್‌ವರ್ತ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1948ರಲ್ಲೇ ಪ್ರಕಟಿಸಿದ್ದ. ಯುದ್ಧಕಾಲದಲ್ಲಿ ರೇಡಾರ್ ಮುಂದೆ ಕೂತವರ ಕಣ್ಣು ಯಾಕೆ ತಪ್ಪುತ್ತದೆಂದು ತಿಳಿಯಲು, ಅಂಕಿಗಳಿಲ್ಲದ ಒಂದು ಗಡಿಯಾರದ ಮುಂದೆ ಜನರನ್ನು 2 ಗಂಟೆ ಕೂರಿಸಿದ. ಮುಳ್ಳು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿದರೆ ಹೇಳಬೇಕು, ಅಷ್ಟೇ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಗುರಿ ತಪ್ಪತೊಡಗಿತು. ನಮ್ಮ ಸೆಕ್ಯೂರಿಟಿಯವರ ಪಾಳಿ 12 ಗಂಟೆ, ಅದೂ ನಿಂತೇ.

ಅಮೆರಿಕದ ಮನೋವಿಜ್ಞಾನಿ ಜೆರೆಮಿ ವುಲ್ಫ್ ತಂಡ 2005ರಲ್ಲಿ ಜನರಿಗೆ ಚಿತ್ರಗಳನ್ನು ತೋರಿಸಿ, ಅದರಲ್ಲೊಂದು ವಸ್ತು ಹುಡುಕಲು ಹೇಳಿ, ಇನ್ನೂ ನೇರವಾಗಿ ಲೆಕ್ಕ ಕೊಟ್ಟಿತು. ಹುಡುಕುವ ವಸ್ತು ನೂರರಲ್ಲಿ 50 ಚಿತ್ರಗಳಲ್ಲಿದ್ದಾಗ ಜನ ಅದನ್ನು ತಪ್ಪಿಸಿಕೊಂಡದ್ದು ಶೇ. 7ರಷ್ಟು. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ. 30. ಮನಸ್ಸು ಮೊದಲೇ 'ಇಲ್ಲ' ಅಂದುಬಿಟ್ಟಿರುತ್ತದೆ, ಕಣ್ಣು ಹಿಂದಿನಿಂದ ಸಹಿ ಹಾಕುತ್ತದೆ. ಕಚೇರಿ ಕಡತ ನಡೆಯುವ ರೀತಿಯೂ ಇದೇ ಅನ್ನಿ.

ದೊಡ್ಡಣ್ಣನ ಕಥೆಯೂ ಬೇರೆಯಲ್ಲ. 2015ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಮಾರುವೇಷದ ಪರೀಕ್ಷಕರು ನಕಲಿ ಬಾಂಬು, ಆಯುಧ ಹಿಡಿದು 70 ಸಲ ನುಗ್ಗಿದರು. 67 ಸಲ ದಾಟಿಹೋದರು. ಭದ್ರತಾ ಸಂಸ್ಥೆಯ ಹಂಗಾಮಿ ಮುಖ್ಯಸ್ಥರನ್ನು ಎತ್ತಂಗಡಿ ಮಾಡಲಾಯಿತು. ವರ್ಗಾವಣೆಯೇ ಸರ್ವರೋಗಕ್ಕೂ ಮದ್ದು ಎಂಬ ವಿದ್ಯೆಯನ್ನು ಅವರು ನಮ್ಮಿಂದಲೇ ಕಲಿತಿರಬೇಕು.

ನಮ್ಮ ಪದ್ಧತಿ ಇನ್ನೂ ಸರಳ. ಬಾಗಿಲಲ್ಲಿ ಲೋಪವಾಯಿತೇ? ಇನ್ನೊಬ್ಬರನ್ನು ನಿಲ್ಲಿಸಿ. ಇಬ್ಬರನ್ನೂ ನೋಡಲು ಕ್ಯಾಮೆರಾ ಹಾಕಿ. ಕ್ಯಾಮೆರಾಗಳನ್ನು ನೋಡಲು ಏಸಿ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ. ಏಸಿ ತಂಪಿಗೆ ಅವರಿಗೆ ನಿದ್ದೆ ಬಂದರೆ ಟೆಂಡರ್ ಕರೆಯಿರಿ. ಕಾರಿನ ಡಿಕ್ಕಿ ತೆರೆದು ಮುಚ್ಚುವುದಂತೂ ಈಗ ಮಂಗಳಾರತಿ ಇದ್ದಂತೆ. ಒಳಗೇನಿದೆ ಅನ್ನೋದು ಮುಖ್ಯವಲ್ಲ, ಕೈ ಆಡಿದರಾಯಿತು.

ಮದ್ದು ಇಲ್ಲದ್ದೇನಲ್ಲ. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಎಕ್ಸ್‌ರೇ ಪರದೆಯ ಮುಂದೆ ಒಬ್ಬರನ್ನು ಸಾಮಾನ್ಯವಾಗಿ ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ಕೂರಿಸುವಂತಿಲ್ಲ. ಕಣ್ಣು ಎಚ್ಚರವಾಗಿರಲೆಂದು ಪ್ರಯಾಣಿಕರ ಬ್ಯಾಗಿನ ಚಿತ್ರದೊಳಗೆ ಆಗಾಗ ಸುಳ್ಳು ಪಿಸ್ತೂಲಿನ ಚಿತ್ರವನ್ನು ಯಂತ್ರವೇ ತೂರಿಸುವ ಏರ್ಪಾಡೂ ಇದೆ. ಮಾಲಿನವರಿಗೆ ಅಷ್ಟು ಖರ್ಚು ಬೇಡ. ಚನ್ನಪಟ್ಟಣದಲ್ಲಿ ಮರದ ಪಿಸ್ತೂಲು ಮಾಡಿಸಿ, ಗಿರಾಕಿಗಳಿಗೆ ಸರದಿಯಂತೆ ಒಂದೊಂದು ಕೊಡಲಿ. ಹಿಡಿದವರಿಗೆ ಒಂದು ಟೀ, ಕೂರಲು ಒಂದು ಸ್ಟೂಲು. ಸ್ಟೂಲಿಗೇ ಮ್ಯಾನೇಜ್‌ಮೆಂಟ್ ಒಪ್ಪಲಿಕ್ಕಿಲ್ಲ.

ಸಿನಿಮಾ ಮುಗಿಸಿ ಬಂದಾಗ ಅವರು ಅಲ್ಲೇ ನಿಂತಿದ್ದರು, ಅದೇ ಕೋಲು. ಕೋಡುಬಳೆ ಪೊಟ್ಟಣ ಕೈಗಿತ್ತರು. ಹಗುರಾಗಿತ್ತು.

"ನಾಕು ಕಡಿಮಿ ಅದಾವ್ರಿ ಸರ," ಅಂದರು, ಸಂಕೋಚದಿಂದ. "ಚೆಕ್ ಮಾಡೇನ್ರಿ."