ಅಭಿಮಾನಿ ಬರೆದ ಪುಸ್ತಕ, ಕೋರ್ಟಿನ ತೀರ್ಪು, ನಾವು ಸೇರಿಕೊಂಡ ಬಣಗಳು

ಜನಪ್ರಿಯ ಫ್ಯಾಂಟಸಿ ಸರಣಿಯೊಂದರ ಮೇಲೆ ಕಾಪಿರೈಟ್ ಜಗಳ ಶುರುವಾದ ಕೂಡಲೇ ಅಭಿಮಾನಿಗಳ ನಡುವೆ ಏಳುವ ಮೊದಲ ಪ್ರಶ್ನೆ, "ನೀನು ಯಾರ ಕಡೆ?" ಏನು ನಕಲಾಗಿದೆ, ಎಷ್ಟು ನಕಲಾಗಿದೆ ಅನ್ನುವುದು ಆಮೇಲೆ. ಎಷ್ಟೋ ಸಲ ಅದು ಚರ್ಚೆಗೆ ಬರುವುದೇ ಇಲ್ಲ. ಈ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಯಾಕೆ ಅಂತ ಹೇಳಲು ಹ್ಯಾರಿ ಪಾಟರ್ ಲೆಕ್ಸಿಕನ್ ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸ್ಟೀವ್ ವಾಂಡರ್ ಆರ್ಕ್ ಅಮೆರಿಕದ ಮಿಷಿಗನ್ ರಾಜ್ಯದವರು, ಶಾಲೆಯೊಂದರಲ್ಲಿ ಲೈಬ್ರರಿಯನ್ ಆಗಿದ್ದರು. 2000ದಲ್ಲಿ ಅವರು ಹ್ಯಾರಿ ಪಾಟರ್ ಲೆಕ್ಸಿಕನ್ ಎಂಬ ವೆಬ್‌ಸೈಟ್ ಶುರು ಮಾಡಿದರು. ಸರಣಿಯಲ್ಲಿ ಬರುವ ಪಾತ್ರ, ಜಾಗ, ಮಂತ್ರ, ಪ್ರಾಣಿ, ಮದ್ದು, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿಟ್ಟ ಕೋಶ ಅದು. ಯಾರು ಬೇಕಾದರೂ ಪುಕ್ಕಟೆ ಓದಬಹುದಿತ್ತು. 2004ರಲ್ಲಿ ಸರಣಿಯ ಲೇಖಕಿ ಜೆ.ಕೆ. ರೌಲಿಂಗ್ ತಮ್ಮ ಸ್ವಂತ ವೆಬ್‌ಸೈಟಿನಲ್ಲಿ ಅದಕ್ಕೆ ಅಭಿಮಾನಿಗಳ ಸೈಟಿನ ಪ್ರಶಸ್ತಿ ಕೊಟ್ಟರು. ಹೊರಗೆ ಕೂತು ಬರೆಯುವಾಗ ಏನೋ ಒಂದು ವಿವರ ಮರೆತುಹೋದರೆ ಇಂಟರ್ನೆಟ್ ಕೆಫೆಗೆ ನುಸುಳಿ ಅದರಲ್ಲೇ ನೋಡಿಕೊಳ್ಳುತ್ತೇನೆ ಅಂತ ಹೊಗಳಿದರು. ಒಬ್ಬ ಅಭಿಮಾನಿಗೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು?

2007ರಲ್ಲಿ ಏಳನೇ ಮತ್ತು ಕೊನೆಯ ಕಾದಂಬರಿ ಬಂತು. ಅದೇ ವರ್ಷ ಮಿಷಿಗನ್ನಿನ ಸಣ್ಣ ಪ್ರಕಾಶನ ಸಂಸ್ಥೆ ಆರ್‌ಡಿಆರ್ ಬುಕ್ಸ್ ಈ ಕೋಶವನ್ನು ಅಚ್ಚು ಹಾಕಿ ಮಾರಲು ಹೊರಟಿತು. ಅಕ್ಟೋಬರ್ 31ರಂದು ರೌಲಿಂಗ್ ಮತ್ತು ಸರಣಿಯನ್ನು ಸಿನಿಮಾ ಮಾಡಿದ ಕಂಪನಿ ವಾರ್ನರ್ ಬ್ರದರ್ಸ್ ಸೇರಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಅಲ್ಲಿಂದ ಅಭಿಮಾನಿಗಳು ಎರಡು ಹೋಳಾದರು.

ಒಂದು ಬಣದ ವಾದ ಹೀಗಿತ್ತು: ಅವರ ಲೋಕ, ಅವರ ಹಕ್ಕು. ಇಷ್ಟು ವರ್ಷ ಸುಮ್ನೆ ಬಿಟ್ಟಿದ್ದೇ ದೊಡ್ಡ ಮಾತು, ಈಗ ಅದರಿಂದ ದುಡ್ಡು ಮಾಡಲು ಹೊರಟವನು ಕೃತಘ್ನ. ಸ್ವತಃ ಒಂದು ವಿಶ್ವಕೋಶ ಬರೆದು ಅದರ ಹಣವನ್ನು ಸೇವಾ ಸಂಸ್ಥೆಗಳಿಗೆ ಕೊಡಬೇಕು ಅಂತ ರೌಲಿಂಗ್ ಇಟ್ಟುಕೊಂಡಿದ್ದ ಯೋಚನೆಯೂ ಇವರ ಮಾತಿಗೆ ಬಲ ಕೊಟ್ಟಿತು. ಇನ್ನೊಂದು ಬಣ ಹೇಳಿದ್ದು: ಕೋಟಿಗಟ್ಟಲೆ ಗಳಿಸಿದವರು ಒಬ್ಬ ಲೈಬ್ರರಿಯನ್ ಮೇಲೆ ಯಾಕೆ ಮುಗಿಬೀಳಬೇಕು? ಏಳೆಂಟು ವರ್ಷ ದುಡಿದದ್ದು ಅವನು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದ್ದಾಗ ಪ್ರಶಸ್ತಿಗೆ ಅರ್ಹವಾದದ್ದು ಕಾಗದಕ್ಕೆ ಬಂದ ಕೂಡಲೇ ಕಳ್ಳತನ ಹೇಗಾಯಿತು?

ಎರಡೂ ವಾದಗಳಲ್ಲಿ ನಿಜವಾದ ನೋವಿದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಗಮನಿಸಿ, ಎರಡೂ ಕಡೆಯವರು ಮಾತಾಡಿದ್ದು ವ್ಯಕ್ತಿಗಳ ಬಗ್ಗೆ. ಯಾರು ಒಳ್ಳೆಯವರು, ಯಾರು ದುರಾಸೆಯವರು, ಯಾರು ಯಾರಿಗೆ ಋಣಿ ಅನ್ನುವುದರ ಬಗ್ಗೆ. ಪುಸ್ತಕದ ಪುಟಗಳಲ್ಲಿ ಏನಿದೆ ಅಂತ ಕೇಳಿದವರು ಬಹಳ ಕಡಿಮೆ.

ಕೋರ್ಟು ಮಾಡಿದ್ದು ಆ ಕೆಲಸವನ್ನೇ. ನನಗೆ ಈ ತೀರ್ಪು ಇಷ್ಟವಾಗುವುದೂ ಅದಕ್ಕೇ.

2008ರ ಏಪ್ರಿಲ್‌ನಲ್ಲಿ ಮ್ಯಾನ್‌ಹಟನ್‌ನಲ್ಲಿ ವಿಚಾರಣೆ ನಡೆಯಿತು. ಜ್ಯೂರಿ ಇರಲಿಲ್ಲ, ನ್ಯಾಯಾಧೀಶ ರಾಬರ್ಟ್ ಪ್ಯಾಟರ್ಸನ್ ಒಬ್ಬರೇ ಕೇಳಿ ತೀರ್ಮಾನಿಸಬೇಕಿತ್ತು. ರಾಜಿ ಮಾಡಿಕೊಳ್ಳಿ ಅಂತ ಅವರು ಎರಡೂ ಕಡೆಯವರಿಗೆ ಹೇಳಿ ನೋಡಿದರು, ಆಗಲಿಲ್ಲ. ಸೆಪ್ಟೆಂಬರ್ 8ಕ್ಕೆ ತೀರ್ಪು ಬಂತು. ಗೆದ್ದದ್ದು ರೌಲಿಂಗ್, ಪುಸ್ತಕಕ್ಕೆ ತಡೆ ಬಿತ್ತು. ಸುದ್ದಿಯ ತಲೆಬರಹ ಅಷ್ಟೇ ಹೇಳಿತು, ಹೆಚ್ಚಿನವರು ಅಷ್ಟನ್ನೇ ಓದಿದರು. ಒಳಗಿರುವುದು ಬೇರೆ.

ಕಾದಂಬರಿ ಸರಣಿಯೊಂದಕ್ಕೆ ಕೋಶ ಬರೆಯುವುದು ತಪ್ಪಲ್ಲ ಅಂತ ಆ ತೀರ್ಪು ಸ್ಪಷ್ಟವಾಗಿ ಹೇಳುತ್ತದೆ. ಅಂಥ ಪುಸ್ತಕಗಳಿಂದ ಓದುಗರಿಗೆ ಉಪಯೋಗವಿದೆ. ಮೂಲ ಲೇಖಕರು ಮುಂದೊಂದು ದಿನ ತಾವೇ ಕೋಶ ಬರೆಯಬೇಕೆಂದಿದ್ದರೂ ಆ ಮಾರುಕಟ್ಟೆ ಪೂರ್ತಿ ಅವರದ್ದೇ ಆಗಿಬಿಡುವುದಿಲ್ಲ. ಕೋಶ ಓದಿದವರು ಕಾದಂಬರಿ ಓದುವುದನ್ನು ಬಿಡುತ್ತಾರೆ ಅನ್ನುವ ಭಯವನ್ನೂ ನ್ಯಾಯಾಧೀಶರು ಒಪ್ಪಲಿಲ್ಲ. ಅಮೆರಿಕದ ಕಾಯಿದೆಯ ಫೇರ್ ಯೂಸ್ ನಿಯಮದಲ್ಲಿ, ಅಂದರೆ ಅನುಮತಿ ಇಲ್ಲದೆಯೂ ಇನ್ನೊಬ್ಬರ ಕೃತಿಯನ್ನು ನ್ಯಾಯವಾದ ಮಿತಿಯಲ್ಲಿ ಬಳಸಲು ಬಿಡುವ ನಿಯಮದಲ್ಲಿ, ನಾಲ್ಕು ಅಂಶಗಳನ್ನು ತೂಗಿ ನೋಡಬೇಕು: ಬಳಸಿದ್ದು ಯಾವ ಉದ್ದೇಶಕ್ಕೆ, ಮೂಲ ಕೃತಿ ಎಂಥದ್ದು, ಎಷ್ಟು ತೆಗೆದುಕೊಂಡರು, ಮೂಲದ ಮಾರುಕಟ್ಟೆಗೆ ಏನು ಪೆಟ್ಟು. ಲೆಕ್ಸಿಕನ್ ಎಡವಿದ್ದು ಮುಖ್ಯವಾಗಿ ಮೂರನೆಯದರಲ್ಲಿ. 400ಕ್ಕೂ ಹೆಚ್ಚು ಪುಟ, 2,400ಕ್ಕೂ ಹೆಚ್ಚು ನಮೂದುಗಳಿದ್ದ ಆ ಹಸ್ತಪ್ರತಿಯಲ್ಲಿ ರೌಲಿಂಗ್ ಅವರ ವಾಕ್ಯಗಳು ಎಷ್ಟೋ ಕಡೆ ಹಾಗೆಹಾಗೇ ಬಂದಿದ್ದವು, ಉದ್ಧರಣ ಚಿಹ್ನೆ ಕೂಡ ಇಲ್ಲದೆ. ಅದಕ್ಕಿಂತ ತೊಂದರೆ ಕೊಟ್ಟದ್ದು ಎರಡು ಪುಟ್ಟ ಪುಸ್ತಕಗಳು. ಮಾಂತ್ರಿಕ ಪ್ರಾಣಿಗಳ ಬಗ್ಗೆ ಒಂದು, ಪೊರಕೆ ಏರಿ ಆಡುವ ಆಟದ ಬಗ್ಗೆ ಇನ್ನೊಂದು. 2001ರಲ್ಲಿ ರೌಲಿಂಗ್ ಅವನ್ನು ಬರೆದದ್ದು ಕಾಮಿಕ್ ರಿಲೀಫ್ ಎಂಬ ಸೇವಾ ಸಂಸ್ಥೆಗೆ ಹಣ ಕೂಡಿಸಲು. ಅವೇ ಕೋಶದಂತಿರುವ ಪುಸ್ತಕಗಳು. ಅದರಲ್ಲಿದ್ದದ್ದೆಲ್ಲ ಲೆಕ್ಸಿಕನ್‌ನಲ್ಲೂ ಸಿಕ್ಕಿದರೆ ಅವನ್ನು ಯಾರು ಕೊಳ್ಳುತ್ತಾರೆ? ಈ ವಾದ ನನಗೆ ಪೂರ್ತಿ ಒಪ್ಪಿಗೆ.

ಪರಿಹಾರ ಎಷ್ಟು ಗೊತ್ತಾ? 6,750 ಡಾಲರ್. ಏಳು ಕಾದಂಬರಿ, ಆ ಎರಡು ಪುಟ್ಟ ಪುಸ್ತಕ, ಒಟ್ಟು ಒಂಬತ್ತು ಕೃತಿ. ಒಂದೊಂದಕ್ಕೆ 750 ಡಾಲರ್, ಅಂದರೆ ಕಾಯಿದೆಯಲ್ಲಿರುವ ಕನಿಷ್ಠ ಮೊತ್ತ. ಇದು ಕಳ್ಳನಿಗೆ ಕೊಡುವ ಶಿಕ್ಷೆಯಂತಿಲ್ಲ.

ವಾಂಡರ್ ಆರ್ಕ್ ಕಡೆಯವರಲ್ಲೂ ತಪ್ಪಿತ್ತು, ಅದನ್ನು ಮುಚ್ಚಿಡಬಾರದು. ಸಿನಿಮಾದ ಡಿವಿಡಿಗಳಲ್ಲಿದ್ದ ಕಾಲಾನುಕ್ರಮಣಿಕೆಯನ್ನು ಲೆಕ್ಸಿಕನ್‌ನಿಂದ ತೆಗೆದುಕೊಳ್ಳಲಾಗಿದೆ ಅಂತ ಅವರ ಪ್ರಕಾಶಕರು ವಾರ್ನರ್ ಬ್ರದರ್ಸ್‌ಗೆ ಪತ್ರ ಬರೆದಿದ್ದರು. ಅಂದರೆ ತಾವು ಜೋಡಿಸಿದ ಕೆಲಸಕ್ಕೆ ಬೆಲೆ ಇದೆ, ಕೇಳದೆ ತೆಗೆದುಕೊಳ್ಳಬಾರದು ಅಂತ ಅವರಿಗೂ ಅನಿಸಿತ್ತು. ಅದೇ ಪ್ರಕಾಶಕರು ರೌಲಿಂಗ್ ಕಡೆಯವರು ಹಸ್ತಪ್ರತಿ ಕೇಳಿದಾಗ ಕೊಡಲಿಲ್ಲ. ಆಗಲೇ ಕೊಟ್ಟು, ಎಲ್ಲೆಲ್ಲಿ ಜಾಸ್ತಿ ಆಗಿದೆ ಅಂತ ಕೂತು ಮಾತಾಡಿದ್ದರೆ ಇದು ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲವೇನೋ.

ಈಗ ನನ್ನನ್ನು ಅತಿ ಹೆಚ್ಚು ಕಾಡುವ ಭಾಗ. ಸಾಕ್ಷಿಕಟ್ಟೆಯಲ್ಲಿ ಕೂತ ವಾಂಡರ್ ಆರ್ಕ್ ಅತ್ತರು. ದಂಡದ ಮಾತಿಗಲ್ಲ, ಪ್ರಕಾಶನ ನಿಂತುಹೋಗುವ ಮಾತಿಗೂ ಅಲ್ಲ. ಅಭಿಮಾನಿ ಬಳಗದ ಜೊತೆಗಿನ ನಂಟಿನ ಬಗ್ಗೆ ಕೇಳಿದಾಗ. ಎಷ್ಟೋ ವರ್ಷ ಆ ಬಳಗಕ್ಕಾಗಿ ದುಡಿದ ಮನುಷ್ಯನನ್ನು ಅದೇ ಬಳಗದ ಒಂದು ದೊಡ್ಡ ಭಾಗ ದ್ರೋಹಿ ಅಂತ ದೂರ ಇಟ್ಟಿತ್ತು. ತೀರ್ಪು ಬರುವ ಮೊದಲೇ. ರೌಲಿಂಗ್ ಕೂಡ ಕೋರ್ಟಿನಲ್ಲಿ ತೀವ್ರ ನೋವಿನಿಂದಲೇ ಮಾತಾಡಿದರು, ತಮ್ಮ 17 ವರ್ಷದ ದುಡಿಮೆಯನ್ನು ದೋಚುತ್ತಿದ್ದಾರೆ ಅಂದರು. ಅವರ ನೋವೂ ನಿಜವೇ. ಕೋರ್ಟು ಇಬ್ಬರ ಮಾತನ್ನೂ ಕೇಳಿ, ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಅಷ್ಟು ತಾಳ್ಮೆ ಅಭಿಮಾನಿಗಳಿಗೆ ಇರಲಿಲ್ಲ.

ಹಾಗಂತ ಅಭಿಮಾನಿಗಳು ಒಟ್ಟಾಗಿ ದನಿ ಎತ್ತುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 1965ರಲ್ಲಿ ಅಮೆರಿಕದ ಏಸ್ ಬುಕ್ಸ್ ಎಂಬ ಪ್ರಕಾಶಕರು ಟೋಲ್ಕಿನ್ ಅವರ ಲಾರ್ಡ್ ಆಫ್ ದಿ ರಿಂಗ್ಸ್ ಅನ್ನು ಅವರನ್ನು ಕೇಳದೆ ಅಚ್ಚು ಹಾಕಿ 75 ಸೆಂಟ್ಸ್‌ಗೆ ಮಾರಿದರು. ಅಮೆರಿಕದಲ್ಲಿ ಅದಕ್ಕೆ ಕಾಪಿರೈಟ್ ರಕ್ಷಣೆ ಇಲ್ಲ ಅಂತ ವಾದಿಸಿದರು. ಲೇಖಕರಿಗೆ ಒಂದು ಸೆಂಟೂ ಹೋಗಲಿಲ್ಲ. ಬ್ಯಾಲಂಟೈನ್ ಎಂಬ ಇನ್ನೊಂದು ಪ್ರಕಾಶನ ತಂದ ಅಧಿಕೃತ ಆವೃತ್ತಿಯ ಬೆಲೆ 95 ಸೆಂಟ್ಸ್. ಟೋಲ್ಕಿನ್ ಅಮೆರಿಕದ ಓದುಗರಿಗೆ ಬರೆದ ಪತ್ರಗಳಲ್ಲೆಲ್ಲ ವಿಷಯ ತಿಳಿಸಿದರು. ಓದುಗರು ಒಬ್ಬರಿಂದೊಬ್ಬರಿಗೆ ಹೇಳಿ, ಜಾಸ್ತಿ ಬೆಲೆಯ ಪುಸ್ತಕವನ್ನೇ ಕೊಂಡರು. ಕೊನೆಗೆ ಏಸ್ ಬುಕ್ಸ್ ಗೌರವಧನ ಕೊಟ್ಟು, ಮರುಮುದ್ರಣ ಮಾಡುವುದಿಲ್ಲ ಅಂತ ಒಪ್ಪಿತು. ಪೂರ್ತಿ ಪಠ್ಯವನ್ನೇ ಎತ್ತಿಕೊಂಡಿದ್ದರು, ಅದರಲ್ಲಿ ಅನುಮಾನ ಇರಲಿಲ್ಲ. ಓದುಗರ ಸಿಟ್ಟಿಗೆ ಗಟ್ಟಿ ಆಧಾರ ಇತ್ತು.

ಇನ್ನೊಂದು, ಹ್ಯಾರಿ ಪಾಟರ್ ಅಭಿಮಾನಿಗಳದ್ದೇ. ಮೊದಲ ಸಿನಿಮಾ ಬರುವ ಮೊದಲು, 2000ದ ಕೊನೆಯ ಹೊತ್ತಿಗೆ, ವಾರ್ನರ್ ಬ್ರದರ್ಸ್ ಹದಿಹರೆಯದ ಮಕ್ಕಳಿಗೆ ವಕೀಲರ ಪತ್ರ ಕಳಿಸಿತ್ತು. ನಿಮ್ಮ ಸೈಟಿನ ವಿಳಾಸದಲ್ಲಿ ನಮ್ಮ ಹೆಸರುಗಳಿವೆ, ಬಿಟ್ಟುಕೊಡಿ ಅಂತ. ಮಕ್ಕಳು ಒಂದಾಗಿ ಸರಣಿಯ ಹೆಸರಿನ ಆಟಿಕೆ, ಬಟ್ಟೆಗಳನ್ನು ಕೊಳ್ಳಬೇಡಿ ಅಂತ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಕಂಪನಿ ಹಿಂದೆ ಸರಿಯಿತು. ಪ್ರೀತಿಯಿಂದ ಸೈಟ್ ಕಟ್ಟಿದ ಮಕ್ಕಳು ಯಾರ ದುಡಿಮೆಯನ್ನೂ ಕಿತ್ತುಕೊಂಡಿರಲಿಲ್ಲ. ಆಗಲೂ ಅಭಿಮಾನಿಗಳು ಹೇಳಿದ್ದು ಸರಿಯೇ ಇತ್ತು.

ಒಂದು ಸಲ ಲೇಖಕರ ಪರ, ಇನ್ನೊಂದು ಸಲ ಕಂಪನಿಯ ವಿರುದ್ಧ. ಎರಡರಲ್ಲೂ ಜನ ನೋಡಿದ್ದು ಏನು ನಡೆದಿದೆ ಅನ್ನುವುದನ್ನು. ಲೆಕ್ಸಿಕನ್ ವಿಷಯ ಅಷ್ಟು ಸುಲಭ ಇರಲಿಲ್ಲ, ಅದಕ್ಕೇ ಇನ್ನೂ ಜಾಸ್ತಿ ಓದಬೇಕಿತ್ತು ಅಲ್ವಾ?

ಆಮೇಲೆ ಏನಾಯಿತು ಅಂತ ಅನೇಕರಿಗೆ ಗೊತ್ತೇ ಇಲ್ಲ. ಆರ್‌ಡಿಆರ್ ಮೇಲ್ಮನವಿ ಹಾಕಿ, ಬಳಿಕ ಹಿಂತೆಗೆದುಕೊಂಡಿತು. ವಾಂಡರ್ ಆರ್ಕ್ ಪುಸ್ತಕವನ್ನು ತಿದ್ದಿ ಬರೆದರು. ನಕಲು ಕಡಿಮೆ ಮಾಡಿ, ತಮ್ಮ ಟಿಪ್ಪಣಿ ಹೆಚ್ಚಿಸಿದರು. 2009ರ ಜನವರಿಯಲ್ಲಿ ಅದು ಪ್ರಕಟವೂ ಆಯಿತು, ತೀರ್ಪು ತೆರೆದಿಟ್ಟ ದಾರಿಯಲ್ಲೇ. ಅವರನ್ನು ದ್ರೋಹಿ ಅಂದವರು ಆ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಲಿ ಅಂತ ನನಗೆ ಈಗಲೂ ಆಸೆ.